ಚೀಟಿ ಓದುವ ಮೊದಲು

ಎದೆಯ ಎಕ್ಸ್‌ರೇ ಒಂದು ಬಂದಿತ್ತು. ಬಿದ್ದು ಪೆಟ್ಟಾಗಿದೆ, ಪಕ್ಕೆಲುಬು ಮುರಿದಿದೆಯಾ ನೋಡಿ ಅಂತ ಚೀಟಿಯಲ್ಲಿ ಬರೆದಿತ್ತು. ನೋಡಿದೆ. ಬಿರುಕು ಸಿಕ್ಕಿತು. ರಿಪೋರ್ಟ್ ಬರೆದು ಮುಂದಿನದಕ್ಕೆ ಹೋಗುವವಳಿದ್ದೆ. ತರಬೇತಿಗೆ ಸೇರಿ ಇನ್ನೂ ವಾರವಾಗಿರದ ಹುಡುಗಿ ಹಿಂದಿನಿಂದ ಕೇಳಿದಳು, "ಮೇಡಂ, ಈ ಕಡೆ ಕಾಲರ್ ಬೋನ್ ಹಿಂದೆ ಯಾಕೆ ಬಿಳಿ ಜಾಸ್ತಿ ಇದೆ?"

ಅಲ್ಲೊಂದು ಸಣ್ಣ ಗಂಟಿತ್ತು. ಆ ರೋಗಿಯ ಮಟ್ಟಿಗೆ ಮುರಿದ ಎಲುಬಿಗಿಂತ ಅದೇ ದೊಡ್ಡ ವಿಷಯ. ನನ್ನ ಕಣ್ಣು ಅದರ ಮೇಲೆ ಹಾದುಹೋಗಿರಲೇಬೇಕು. ಆದರೂ ನಾನು ನೋಡಿರಲಿಲ್ಲ.

ಎಕ್ಸ್‌ರೇ, ಸ್ಕ್ಯಾನ್ ಓದಿ ರೋಗ ಗುರುತಿಸುವ ನಮ್ಮ ರೇಡಿಯಾಲಜಿಯಲ್ಲಿ ಇದು ಹಳೆಯ ತಪ್ಪು. ಹುಡುಕಿದ್ದು ಸಿಕ್ಕ ಕೂಡಲೇ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಶ್ವಾಸಕೋಶದ ಸಿಟಿ ಸ್ಕ್ಯಾನ್ ಒಳಗೆ ಗೊರಿಲ್ಲಾ ಚಿತ್ರ ಸೇರಿಸಿ 24 ರೇಡಿಯಾಲಜಿಸ್ಟ್‌ಗಳಿಗೆ ಕೊಟ್ಟರು. ಅವರು ಹುಡುಕಬೇಕಿದ್ದದ್ದು ಸಣ್ಣ ಗಂಟುಗಳನ್ನು. ಗೊರಿಲ್ಲಾ ಆ ಗಂಟುಗಳಿಗಿಂತ 48 ಪಟ್ಟು ದೊಡ್ಡದಿತ್ತು. 20 ಮಂದಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ನೋಟ ನೇರವಾಗಿ ಗೊರಿಲ್ಲಾ ಇದ್ದ ಜಾಗಕ್ಕೇ ಹೋಗಿತ್ತು!

ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಸ್ಕ್ಯಾನ್‌ಗಳನ್ನು ವೈದ್ಯಕೀಯದ ಗಂಧವೇ ಇಲ್ಲದವರಿಗೂ ತೋರಿಸಿದ್ದರು. ಅವರಲ್ಲಿ ಒಬ್ಬರೂ ಗೊರಿಲ್ಲಾ ಗುರುತಿಸಲಿಲ್ಲ. ಹಾಗಾಗಿ, ಗೊತ್ತಿಲ್ಲದಿರುವುದೇ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಲಿತದ್ದನ್ನು ನಾನು ಮರೆತರೆ ಕಷ್ಟ ರೋಗಿಗೇ. ಗಂಟು ಹುಡುಕಿ ಅಂದರೆ ಹೊಸಬರೂ ಗಂಟನ್ನೇ ಹುಡುಕುತ್ತಾರೆ. ನಮ್ಮ ಹುಡುಗಿಗೆ ಯಾರೂ ಏನನ್ನೂ ಹುಡುಕು ಅಂದಿರಲಿಲ್ಲ. ಅವಳು ಸುಮ್ನೆ ನೋಡುತ್ತಿದ್ದಳು, ಅಷ್ಟೇ.

ಎಕ್ಸ್‌ರೇ ಹುಟ್ಟಿದ್ದೂ ಇಂಥ ನೋಟದಿಂದಲೇ. 1895ರ ನವೆಂಬರ್ 8ರಂದು ಜರ್ಮನಿಯ ಭೌತವಿಜ್ಞಾನಿ ವಿಲ್ಹೆಲ್ಮ್ ರಾಂಟ್ಜೆನ್ ಕಪ್ಪು ರಟ್ಟು ಮುಚ್ಚಿದ ಕೊಳವೆಯಲ್ಲಿ ವಿದ್ಯುತ್ ಹರಿಸುತ್ತಿದ್ದರು. ದೂರದಲ್ಲಿದ್ದ ಒಂದು ಪರದೆ ಮಿನುಗಿತು. ರಟ್ಟು ದಾಟಿ ಬೆಳಕು ಹೊರಗೆ ಬರುವಂತಿರಲಿಲ್ಲ, ಹಾಗಾಗಿ ಅದು ಮಿನುಗಬಾರದಿತ್ತು. ಅಂಥ ಕೊಳವೆಗಳು ಆಗ ಎಷ್ಟೋ ಪ್ರಯೋಗಾಲಯಗಳಲ್ಲಿದ್ದವು. ಐದು ವರ್ಷ ಹಿಂದೆ, 1890ರಲ್ಲಿ, ಅಮೆರಿಕದಲ್ಲಿ ಭೌತವಿಜ್ಞಾನಿ ಆರ್ಥರ್ ಗುಡ್‌ಸ್ಪೀಡ್ ಅವರ ಫೋಟೋ ಫಲಕದ ಮೇಲೆ ವಿಚಿತ್ರ ನೆರಳು ಮೂಡಿತ್ತು. ಏನೋ ಹೆಚ್ಚುಕಡಿಮೆ ಆಗಿದೆ ಅಂತ ಅದನ್ನು ಎತ್ತಿಟ್ಟುಬಿಟ್ಟರು. ರಾಂಟ್ಜೆನ್ ಮಾತ್ರ ಆ ಬೆಳಕಿನ ಹಿಂದೆ ಏಳು ವಾರ ಕೂತರು. ಆಗ ಅವರ ವಯಸ್ಸು 50. ಆ ವಯಸ್ಸಿನಲ್ಲೂ "ಇದೇನಿದು?" ಅಂತ ಬೆರಗಾಗಿ ನಿಂತರಲ್ಲ, ಅದು ನನಗೆ ಈಗಲೂ ತುಂಬಾ ಇಷ್ಟ.

ಆ ಹುಡುಗಿಯ ಪ್ರಶ್ನೆಯ ನಂತರ ನನ್ನ ಕೆಲಸದ ಕ್ರಮ ಬದಲಾಯಿತು. ಮೊದಲು ಚೀಟಿ ಓದದೆ ಚಿತ್ರ ನೋಡುತ್ತೇನೆ. ಕಂಡದ್ದಕ್ಕೆ ತಕ್ಷಣ ರೋಗದ ಹೆಸರು ಕೊಡುವುದಿಲ್ಲ. ಇಲ್ಲಿ ಬಿಳಿ, ಇಲ್ಲಿ ಕಪ್ಪು, ಈ ಗೆರೆ ಇಲ್ಲಿ ಯಾಕೆ ತಿರುಗಿತು, ಇಷ್ಟೇ. ಆಮೇಲೆ ಚೀಟಿ ಓದಿ ಮತ್ತೆ ನೋಡುತ್ತೇನೆ, ಆಗ ಕಲಿತ ವಿದ್ಯೆಯೆಲ್ಲ ಬರಲಿ. ಒಂದು ಸಿಕ್ಕಿದರೆ, ಎರಡನೆಯದು ಇದೆ ಅಂದುಕೊಂಡೇ ಹುಡುಕುತ್ತೇನೆ.

ಮನೆಯಲ್ಲೂ ನಾವು ಚೀಟಿ ಓದಿಕೊಂಡೇ ಮನುಷ್ಯರನ್ನು ನೋಡುತ್ತೇವೆ, ಅಲ್ವಾ? ಅಮ್ಮ ಬಾಯಿ ತೆರೆದರೆ ದೂರು, ಮಗ ಸುಮ್ಮನಿದ್ದರೆ ಸೋಮಾರಿತನ. ಉತ್ತರ ಮೊದಲೇ ಬರೆದಿಟ್ಟಿರುತ್ತೇವೆ. ಇತ್ತೀಚೆಗೆ ಅಮ್ಮ ಮಂಡಿನೋವು ಅಂದಾಗ, ಗುಳಿಗೆಯ ಹೆಸರು ಹೇಳುವ ಬದಲು "ಯಾವಾಗ ಜಾಸ್ತಿ ಆಗುತ್ತೆ?" ಅಂತ ಕೇಳಿದೆ. ರಾತ್ರಿ ಒಬ್ಬಳೇ ಕೂತಾಗ ಅಂದಳು. ಅವತ್ತು ತುಂಬಾ ಹೊತ್ತು ಮಾತಾಡಿದೆವು. ಮಂಡಿಯ ವಿಷಯ ಅದರಲ್ಲಿ ಸ್ವಲ್ಪವೇ ಇತ್ತು.

ಈಗ ತರಬೇತಿಗೆ ಬರುವವರಿಗೆಲ್ಲ ಒಂದು ನೋಟ್‌ಬುಕ್ ಕೊಡುತ್ತೇನೆ. ಮೊದಲ ವಾರ ಹೊಳೆದ ಪ್ರಶ್ನೆಗಳನ್ನೆಲ್ಲ ಬರೆದಿಡಿ, ಪೆದ್ದು ಅನ್ನಿಸಿದರೂ ಬಿಡಬೇಡಿ ಅನ್ನುತ್ತೇನೆ. ಮೂರು ತಿಂಗಳ ನಂತರ ಅದನ್ನು ತೆರೆದು ಜೊತೆಯಲ್ಲಿ ಓದುತ್ತೇವೆ. ಅಷ್ಟರಲ್ಲಿ ಅರ್ಧ ಪ್ರಶ್ನೆಗಳು ಬರೆದವರಿಗೇ ಮರೆತುಹೋಗಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ನನ್ನ ಹತ್ತಿರವೂ ಇನ್ನೂ ಉತ್ತರವಿಲ್ಲ.