ಬಳ್ಳಿಯಲ್ಲೇ ಉಳಿದ ಕಲ್ಲಂಗಡಿ

2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂತು. ಅರಸೀಕೆರೆ ಕಡೆಯ ಹೊಲಗಳಲ್ಲಿ ಜನವರಿಯಲ್ಲಿ ನಾಟಿ ಮಾಡಿದ್ದ ಕಲ್ಲಂಗಡಿ ಆಗಷ್ಟೇ ಕೊಯ್ಲಿಗೆ ಬರುತ್ತಿತ್ತು. ಜಾತ್ರೆ, ಮದುವೆ, ಏಪ್ರಿಲ್ ಕೊನೆಗೆ ಶುರುವಾಗಲಿದ್ದ ರಂಜಾನ್ ಉಪವಾಸ, ಇವನ್ನೆಲ್ಲ ಲೆಕ್ಕ ಹಾಕಿಯೇ ರೈತರು ಈ ಬೆಳೆಯ ನಾಟಿಗೆ ದಿನ ಗೊತ್ತು ಮಾಡುತ್ತಾರೆ.

ಏಪ್ರಿಲ್ ಮೊದಲ ವಾರ ಅಂಥ ಒಂದು ಹೊಲಕ್ಕೆ ಹೋಗಿದ್ದೆ. ತೊಟ್ಟಿನ ಪಕ್ಕದ ಕುಡಿಬಳ್ಳಿ ಒಣಗಿತ್ತು, ನೆಲಕ್ಕೆ ತಾಗಿದ ಭಾಗ ಹಳದಿಗೆ ತಿರುಗಿ ದಿನಗಳೇ ಆಗಿದ್ದವು. ಒಂದನ್ನು ಕೊಯ್ದು ನೋಡಿದರೆ ಬೀಜದ ಸುತ್ತ ತಿರುಳು ಬಿಟ್ಟುಕೊಂಡು ಹಿಟ್ಟುಹಿಟ್ಟಾಗಿತ್ತು. "ಕೀಳ್ಸೋ ಕೂಲಿನೂ ಹುಟ್ಟಲ್ಲ ಸಾರ್," ಎಂದರು ಆ ರೈತರು. ಮುಂಗಡ ಕೊಟ್ಟಿದ್ದ ವ್ಯಾಪಾರಿ ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಸಾಗಾಟಕ್ಕೆ ಅನುಮತಿ ಇರಲಿಲ್ಲವೆಂದು ಹಲವರು ಇಂದಿಗೂ ಭಾವಿಸಿದ್ದಾರೆ. ಆದರೆ ಕೃಷಿ ಕೆಲಸಕ್ಕೂ ಕೃಷಿ ಮಾರುಕಟ್ಟೆಗಳಿಗೂ ಮಾರ್ಚ್ 27ರಂದೇ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತ್ತು. ಸರಪಳಿ ಕಡಿದದ್ದು ಆದೇಶಪತ್ರದ ಕಣ್ಣಿಗೆ ಬೀಳದ ಸಣ್ಣ ಕೊಂಡಿಗಳಲ್ಲಿ: ಹಣ್ಣು ತುಂಬುವ ಹಮಾಲರು ಊರು ಸೇರಿದ್ದರು, ದಾರಿಯಲ್ಲಿ ಊಟದ ಹೋಟೆಲೂ ಪಂಕ್ಚರ್ ಅಂಗಡಿಯೂ ತೆರೆದಿರಲಿಲ್ಲ, ಹಿಂದಿರುಗುವಾಗ ಲೋಡ್ ಸಿಗದ ಲಾರಿಯವರು ಎರಡೂ ಕಡೆಯ ಬಾಡಿಗೆ ಕೇಳುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಪೆಟ್ಟೆಂದರೆ, ಕಲ್ಲಂಗಡಿಯನ್ನು ರಾಶಿಗಟ್ಟಲೆ ಕೊಳ್ಳುವ ಜ್ಯೂಸ್ ಅಂಗಡಿ, ರಸ್ತೆಬದಿಯ ಗಾಡಿ ಮತ್ತು ಛತ್ರಗಳು ಒಟ್ಟಿಗೇ ಮುಚ್ಚಿದ್ದವು. ಮನೆಯವರು ಒಂದು ಹಣ್ಣು ಕೊಂಡರೆ ವಾರ ಕಳೆಯುತ್ತದೆ.

ಎಲ್ಲ ಹಣ್ಣಿನ ಗತಿಯೂ ಒಂದೇ ಆಗಿರಲಿಲ್ಲ. ದಾಳಿಂಬೆ ಶೀತಲಗೃಹದಲ್ಲಿ ಎರಡು ತಿಂಗಳವರೆಗೂ ತಾಳುತ್ತದೆ, ಆದರೆ ಹತ್ತಿರದಲ್ಲಿ ಜಾಗ ಸಿಗಬೇಕು. ಬಾಳೆಯನ್ನು ಕಾಯಿಯಲ್ಲೇ ಕಡಿದು ಮಾಗಿಸುವ ಕೋಣೆಗೆ ಕಳಿಸುವುದರಿಂದ ಕೆಲವು ದಿನ ಹಿಂದುಮುಂದು ಮಾಡಬಹುದು. ಕೊಯ್ದ ಮೇಲೆ ಸಿಹಿಯಾಗದ ಕಲ್ಲಂಗಡಿಗೆ ಆ ಅವಕಾಶವಿಲ್ಲ. ಎಳೆಯದಾಗಿ ಕಿತ್ತರೆ ಸಪ್ಪೆ, ಬಿಟ್ಟರೆ ಹಾಳು.

ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹಣ್ಣು ಬೆಳೆಗಾರರಿಗೆ ಹೆಕ್ಟೇರಿಗೆ 15,000 ರೂಪಾಯಿ ಪರಿಹಾರ ಪ್ರಕಟಿಸಿತು. ಆದರೆ ಇಂಥ ಪರಿಹಾರಕ್ಕೆ ಸರ್ಕಾರದ ಬೆಳೆ ದಾಖಲೆಯೇ ಆಧಾರ, ಮೂರು ತಿಂಗಳ ಬೆಳೆಯಾದ ಕಲ್ಲಂಗಡಿ ಎಷ್ಟೋ ಸಲ ಆ ದಾಖಲೆಗೇ ಸೇರುವುದಿಲ್ಲ. ಆದ್ದರಿಂದ ಬಳ್ಳಿ ಹಬ್ಬಿರುವಾಗಲೇ ಬೆಳೆ ಸಮೀಕ್ಷೆಯಲ್ಲಿ ಸೇರಿಸಿ, ಹೊಲದ ಫೋಟೊ ಇಟ್ಟುಕೊಳ್ಳಿ ಎಂದು ನಾನು ಹೋದಲ್ಲೆಲ್ಲ ಒತ್ತಿ ಹೇಳುತ್ತೇನೆ. ಇಡೀ ಹೊಲಕ್ಕೆ ಒಂದೇ ದಿನ ನಾಟಿ ಮಾಡುವುದನ್ನೂ ಬಿಡಬೇಕು. ಮೇಲೆ ಹೇಳಿದ ರೈತರು ಮರುವರ್ಷ ಹದಿನೈದು ದಿನದ ಅಂತರದಲ್ಲಿ ಮೂರು ಕಂತಾಗಿ ನಾಟಿ ಮಾಡಿದರು. ಮೊದಲ ಕಂತನ್ನು ವ್ಯಾಪಾರಿಗೆ ಕೊಟ್ಟು, ಉಳಿದದ್ದನ್ನು ಸ್ವಂತ ಟ್ರ್ಯಾಕ್ಟರ್‌ನಲ್ಲಿ ಸುತ್ತಲಿನ ಸಂತೆಗಳಿಗೆ ತಾವೇ ಒಯ್ದರು.