ಡ್ರೈವರ್.ಜೆಎಸ್ ಟಿಪ್ಪಣಿ: ಕಪ್ಪು ಪರದೆಯಲ್ಲಿ ತೂತು ಮಾಡುವುದು ಹೇಗೆ

ಹೊಸ ವೆಬ್‌ಸೈಟಿಗೆ ಲಾಗಿನ್ ಆದ ಕೂಡಲೇ ಇಡೀ ಪುಟ ಮಂಕಾಗಿ ಒಂದು ಬಟನ್ ಮಾತ್ರ ಎದ್ದು ಕಾಣುವುದನ್ನು ನೋಡಿರುತ್ತೀರಿ. ಇದನ್ನು ಮಾಡುವ ಪುಟ್ಟ ಜಾವಾಸ್ಕ್ರಿಪ್ಟ್ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಡ್ರೈವರ್.ಜೆಎಸ್. ಕಮ್ರಾನ್ ಅಹ್ಮದ್ ಬರೆದದ್ದು, ಎಂಐಟಿ ಲೈಸೆನ್ಸ್ (ಉಚಿತವಾಗಿ ಬಳಸಬಹುದು), ಬೇರೆ ಯಾವ ಪ್ಯಾಕೇಜೂ ಬೇಕಿಲ್ಲ. ಹೈಲೈಟ್ ಫಂಕ್ಷನ್ನಿಗೆ ಎಲಿಮೆಂಟಿನ (ಪುಟದ ಒಂದು ಭಾಗ, ಉದಾಹರಣೆಗೆ ಬಟನ್) ಸೆಲೆಕ್ಟರ್, ಅಂದರೆ ಅದನ್ನು ಗುರುತಿಸುವ ಹೆಸರು, ಕೊಟ್ಟರೆ ಕೆಲಸ ಆಯಿತು. ಕಲಿಯುವವರಿಗೆ ರುಚಿ ಇರುವುದು ಅದರ ಒಳಗೆ.

ಬಟನ್ನಿಗೆ ಇಲ್ಲಿ ಯಾರೂ ಬೆಳಕು ಹಾಕುವುದಿಲ್ಲ, ಸುತ್ತ ಕತ್ತಲು ಮಾಡುತ್ತಾರೆ. ಆ ಕತ್ತಲನ್ನು ತರುವುದು ಹೇಗೆ?

ಎಲ್ಲರಿಗೂ ಮೊದಲು ಹೊಳೆಯುವುದು ಝಡ್-ಇಂಡೆಕ್ಸ್, ಅಂದರೆ ಯಾವುದು ಯಾವುದರ ಮೇಲೆ ಕಾಣಬೇಕು ಎಂದು ಹೇಳುವ ಸಿಎಸ್ಎಸ್ ಸಂಖ್ಯೆ. ಪುಟದ ಮೇಲೆ ಕಪ್ಪು ಪರದೆ ಹಾಸಿ, ಬಟನ್ನನ್ನು ಅದರ ಮೇಲಕ್ಕೆ ಎತ್ತುವುದು. ಸರಳವಾಗಿದೆ, ಅಲ್ವಾ? ಆದರೆ ಬಟನ್ನಿನ ತಂದೆ ಎಲಿಮೆಂಟಿಗೆ (ಬಟನ್ನನ್ನು ಒಳಗಿಟ್ಟುಕೊಂಡಿರುವ ಎಲಿಮೆಂಟ್) ಟ್ರಾನ್ಸ್‌ಫಾರ್ಮ್, ಫಿಲ್ಟರ್, ಅಥವಾ 1ಕ್ಕಿಂತ ಕಡಿಮೆ ಒಪಾಸಿಟಿ (ಅಂದರೆ ಪಾರದರ್ಶಕತೆ) ಇದ್ದರೆ ಅಲ್ಲೊಂದು ಸ್ಟ್ಯಾಕಿಂಗ್ ಕಾಂಟೆಕ್ಸ್ಟ್, ಅಂದರೆ ಮೇಲೆ-ಕೆಳಗಿನ ಪ್ರತ್ಯೇಕ ಲೆಕ್ಕ, ಹುಟ್ಟುತ್ತದೆ. ಆಮೇಲೆ ಬಟನ್ನಿಗೆ 99999 ಕೊಟ್ಟರೂ ಅದು ಆ ತಂದೆಯ ಒಳಗಿನ ಲೆಕ್ಕ ಮಾತ್ರ. ತಂದೆ ಪರದೆಯ ಕೆಳಗಿದ್ದರೆ ಮಗುವೂ ಕೆಳಗೇ. ಡ್ರೈವರ್‌ನ ಹಳೆಯ ಆವೃತ್ತಿ ಈ ದಾರಿಯಲ್ಲೇ ಇತ್ತು. ಹಾಗಾಗಿ ತಂದೆ ಎಲಿಮೆಂಟುಗಳ ಟ್ರಾನ್ಸ್‌ಫಾರ್ಮ್, ಒಪಾಸಿಟಿ ಎಲ್ಲವನ್ನೂ ತಾತ್ಕಾಲಿಕವಾಗಿ ತೆಗೆದುಹಾಕುವ ಒಂದು ಸಿಎಸ್ಎಸ್ ಕ್ಲಾಸ್ ಇಟ್ಟುಕೊಂಡಿತ್ತು. ಬೇರೆಯವರ ಪುಟದ ಸ್ಟೈಲಿಗೆ ಕೈ ಹಾಕಿದರೆ ಏನಾದರೊಂದು ಅಲುಗಾಡುತ್ತದೆ.

ಬಾಕ್ಸ್-ಶ್ಯಾಡೋ ಇನ್ನೊಂದು ದಾರಿ. ಬಟನ್ನಿಗೆ 9999 ಪಿಕ್ಸೆಲ್ ಹರಡುವ ನೆರಳು ಕೊಟ್ಟರೆ ಸುತ್ತೆಲ್ಲ ಕಪ್ಪಾಗುತ್ತದೆ. ಆದರೆ ನೆರಳು ಕ್ಲಿಕ್ ತಡೆಯುವುದಿಲ್ಲ, ಕತ್ತಲಲ್ಲಿರುವ ಬಟನ್‌ಗಳೂ ಕೆಲಸ ಮಾಡುತ್ತವೆ.

ಈಗಿನ ಡ್ರೈವರ್ ಬಟನ್ನನ್ನು ಮೇಲಕ್ಕೆ ಎತ್ತುವುದೇ ಇಲ್ಲ. ಪುಟದ ಮೇಲೆ ಒಂದು ಎಸ್‌ವಿಜಿ (ಗೆರೆಗಳಿಂದ ಬರೆದ ಚಿತ್ರ) ಹಾಸಿ, ಅದರಲ್ಲೇ ತೂತು ಬಿಡುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. ಬಟನ್ ಎಡದಿಂದ 100, ಮೇಲಿನಿಂದ 200 ಪಿಕ್ಸೆಲ್‌ನಲ್ಲಿದೆ, ಅಗಲ 120, ಎತ್ತರ 40. ಈ ನಾಲ್ಕೂ ಅಂಕಿಯನ್ನು ಬ್ರೌಸರಿನ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಫಂಕ್ಷನ್ ಕೊಡುತ್ತದೆ. ಸ್ಟೇಜ್‌ಪ್ಯಾಡಿಂಗ್ (ಬಟನ್ ಸುತ್ತ ಬಿಡುವ ಜಾಗ) 10 ಎಂದರೆ ತೂತು 90, 190ರಿಂದ ಶುರು, ಅಗಲ 140, ಎತ್ತರ 60. ಒಂದೇ ಪಾತ್ (ಎಸ್‌ವಿಜಿಯ ಗೆರೆ) ಒಳಗೆ ಎರಡು ಆಯತ ಬರೆಯುತ್ತಾರೆ: ದೊಡ್ಡದು ಪೂರ್ತಿ ಪರದೆಗೆ, ಚಿಕ್ಕದು ತೂತಿಗೆ. ಫಿಲ್-ರೂಲ್, ಅಂದರೆ ಎಲ್ಲಿ ಬಣ್ಣ ತುಂಬಬೇಕು ಎಂಬ ನಿಯಮ, ಈವನ್‌ಆಡ್. ಅಂದರೆ ಒಂದು ಬಿಂದುವಿನಿಂದ ಹೊರಗೆ ಗೆರೆ ಎಳೆದು, ಅದು ಎಷ್ಟು ಅಂಚು ದಾಟುತ್ತದೆ ಎಂದು ಎಣಿಸಬೇಕು. ಬೆಸ ಬಂದರೆ ಬಣ್ಣ, ಸಮ ಬಂದರೆ ಖಾಲಿ. ತೂತಿನೊಳಗಿಂದ ಹೊರಟ ಗೆರೆ ಚಿಕ್ಕ ಆಯತದ ಅಂಚನ್ನೂ ದೊಡ್ಡದರ ಅಂಚನ್ನೂ ದಾಟುತ್ತದೆ, ಒಟ್ಟು 2. ಅದಕ್ಕೇ ಅಲ್ಲಿ ಬಣ್ಣ ಬೀಳುವುದಿಲ್ಲ. ಎಂಥ ಅಚ್ಚುಕಟ್ಟು ಉಪಾಯ! ತಂದೆ ಎಲಿಮೆಂಟಿನ ಸ್ಟೈಲ್ ಏನೇ ಇರಲಿ, ಇದು ಕೆಡುವುದಿಲ್ಲ.

ನೀವೇ ಚಿಕ್ಕದೊಂದು ಬರೆಯಲು ಕೂತರೆ ಎರಡು ವಿಷಯ ಗಮನದಲ್ಲಿಡಿ. ಬಟನ್ನಿನ ಆ ಸ್ಥಾನದ ಅಂಕಿಗಳು ಬ್ರೌಸರ್ ಕಿಟಕಿಯ ಮೇಲಿನ ಎಡ ಮೂಲೆಯಿಂದ ಅಳೆದವು, ಪುಟದ ಮೇಲ್ತುದಿಯಿಂದಲ್ಲ. ಹಾಗಾಗಿ ಸ್ಕ್ರೋಲ್ ಅಥವಾ ರೀಸೈಜ್ ಆದಾಗ ಮತ್ತೆ ಅಳೆಯಲೇಬೇಕು. ಇನ್ನು ಕೀಬೋರ್ಡ್: ಎಸ್ಕೇಪ್ ಒತ್ತಿದರೆ ಪರದೆ ಹೋಗಬೇಕು, ಟ್ಯಾಬ್ ಒತ್ತಿದರೆ ಫೋಕಸ್ ಕತ್ತಲೊಳಗಿನ ಲಿಂಕುಗಳಿಗೆ ಹೋಗದೆ ಪಾಪ್‌ಓವರ್ (ಬಟನ್ ಪಕ್ಕದ ವಿವರಣೆಯ ಪೆಟ್ಟಿಗೆ) ಮತ್ತು ಬಟನ್ ನಡುವೆಯೇ ಸುತ್ತಬೇಕು. ಮೌಸ್ ಬಳಸದವರಿಗೆ ಇದು ತುಂಬಾ ಮುಖ್ಯ, ಸುಮ್ನೆ ಬಿಡಬೇಡಿ.