ಬಿಟ್‌ಕಾಯಿನ್‌ನ ಹಲವು ಬೆಲೆಗಳು: ಎಕ್ಸ್‌ಚೇಂಜ್‌ಗಳ ಪರಸ್ಪರ ಪ್ರಭಾವ

ಡಿಜಿಟಲ್ ನಾಣ್ಯವಾದ ಬಿಟ್‌ಕಾಯಿನ್‌ಗೆ ಜಗತ್ತಿಗೆಲ್ಲ ಅನ್ವಯಿಸುವ ಒಂದೇ ಬೆಲೆ ಇಲ್ಲ. ಅದನ್ನು ಕೊಂಡು ಮಾರುವ ಪ್ರತಿಯೊಂದು ಎಕ್ಸ್‌ಚೇಂಜ್‌ಗೂ (ವಿನಿಮಯ ಕೇಂದ್ರಕ್ಕೂ) ಅದರದೇ ಆರ್ಡರ್ ಬುಕ್ (ಕೊಳ್ಳುವ, ಮಾರುವ ಆರ್ಡರ್‌ಗಳ ಪಟ್ಟಿ) ಇದ್ದು, ಅಲ್ಲಿ ಕೊನೆಯದಾಗಿ ಕುದುರಿದ ದರವೇ ಅಲ್ಲಿನ ಬೆಲೆ. ಆದರೂ ಈ ಬೆಲೆಗಳು ಬಹುತೇಕ ಹತ್ತಿರವೇ ಇರುವುದಕ್ಕೆ, ಅಗ್ಗವಾದಲ್ಲಿ ಕೊಂಡು ದುಬಾರಿಯಾದಲ್ಲಿ ಮಾರುವ ಆರ್ಬಿಟ್ರೇಜ್ ವ್ಯಾಪಾರಿಗಳು ಮುಖ್ಯ ಕಾರಣ. ಅವರು ಎರಡೂ ಕಡೆ ಹಣ ಮತ್ತು ನಾಣ್ಯ ಎರಡನ್ನೂ ಮೊದಲೇ ಇರಿಸಿಕೊಂಡಿರುತ್ತಾರೆ. ಆದ್ದರಿಂದ ನಾಣ್ಯದ ವರ್ಗಾವಣೆಗಳು ದಾಖಲಾಗುವ ಬ್ಲಾಕ್‌ಚೈನ್‌ನಲ್ಲಿ ವರ್ಗಾವಣೆಗೆ ಸಮಯ ಹಿಡಿದರೂ ಬೆಲೆಗಳು ಕ್ಷಣಗಳಲ್ಲೇ ಸರಿದೂಗುತ್ತವೆ. ಆದರೆ ಖಾಲಿಯಾದ ಕಡೆ ಮತ್ತೆ ತುಂಬಿಸಲು ನಾಣ್ಯ ಹೋಗುವ ದಾರಿ, ಹಣ ಬರುವ ದಾರಿ ಎರಡೂ ತೆರೆದಿರಲೇಬೇಕು.

ಇದನ್ನು ಅರಿಯಲು ಟೋಕಿಯೊದಲ್ಲಿದ್ದ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2013ರಲ್ಲಿ ಅಲ್ಲಿಂದ ಡಾಲರ್ ಹಿಂಪಡೆಯುವುದು ವಿಳಂಬವಾಗತೊಡಗಿದಾಗ, ಜನರು ಬಿಟ್‌ಕಾಯಿನ್ ಕೊಂಡು ಅದರ ರೂಪದಲ್ಲಿ ಹಣ ಹೊರತೆಗೆಯಲು ಮುಂದಾದರು. ಹೀಗಾಗಿ ಅಲ್ಲಿನ ಬೆಲೆ ಬೇರೆಡೆಗಿಂತ ಮೇಲೇರಿತು. 2014ರ ಫೆಬ್ರವರಿಯಲ್ಲಿ ಬಿಟ್‌ಕಾಯಿನ್ ಹಿಂಪಡೆಯುವುದೇ ನಿಂತಾಗ ಅಲ್ಲಿನ ಬೆಲೆ ಉಳಿದೆಡೆಗಿಂತ ಬಹಳ ಕೆಳಗೆ ಕುಸಿಯಿತು, ಏಕೆಂದರೆ ಹೊರಗೆ ಸಾಗಿಸಲಾಗದ ನಾಣ್ಯ ಕೇವಲ ಆ ಸಂಸ್ಥೆಯ ಮೇಲಿನ ಹಕ್ಕುಪತ್ರವಾಗಿತ್ತು. ಒಂದೇ ಎಕ್ಸ್‌ಚೇಂಜ್‌ನಲ್ಲಿ ಎರಡು ದಾರಿಗಳು ಬೇರೆ ಬೇರೆ ಸಮಯದಲ್ಲಿ ಮುಚ್ಚಿ, ಬೆಲೆಯ ಅಂತರ ವಿರುದ್ಧ ದಿಕ್ಕುಗಳಿಗೆ ತಿರುಗಿದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ದಕ್ಷಿಣ ಕೊರಿಯಾದ ‘ಕಿಮ್ಚಿ ಪ್ರೀಮಿಯಂ’ನಲ್ಲಿ (ಅಲ್ಲಿನ ಹೆಚ್ಚುವರಿ ಬೆಲೆಯಲ್ಲಿ) ತಡೆ ಇದ್ದದ್ದು ಒಂದು ಸಂಸ್ಥೆಯಲ್ಲಲ್ಲ, ದೇಶದ ವಿದೇಶಿ ವಿನಿಮಯ ನಿಯಮಗಳಲ್ಲಿ. ಬಿಟ್‌ಕಾಯಿನ್ ಅನ್ನು ಕೊರಿಯಾಕ್ಕೆ ಕಳುಹಿಸಿ ಮಾರುವುದು ಸುಲಭವಾಗಿದ್ದರೂ, ಬಂದ ವೋನ್ (ಕೊರಿಯಾದ ಹಣ) ಅನ್ನು ದೊಡ್ಡ ಮೊತ್ತದಲ್ಲಿ ಹೊರಗೆ ಒಯ್ಯುವುದು ಸುಲಭವಿರಲಿಲ್ಲ. ಮಕರೊವ್ ಮತ್ತು ಶೋರ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನದ ಪ್ರಕಾರ, 2017ರ ಡಿಸೆಂಬರ್‌ನಿಂದ 2018ರ ಫೆಬ್ರವರಿ ಆರಂಭದವರೆಗೆ ಅಮೆರಿಕಕ್ಕಿಂತ ಅಲ್ಲಿನ ಬೆಲೆ ಸರಾಸರಿ ಶೇ. 15ಕ್ಕೂ ಹೆಚ್ಚಿತ್ತು, ಕೆಲವು ದಿನ ಶೇ. 40ಕ್ಕೆ ತಲುಪಿತ್ತು. ಒಂದೇ ದೇಶದ ಎಕ್ಸ್‌ಚೇಂಜ್‌ಗಳ ನಡುವಿನ ಅಂತರ ಮಾತ್ರ ಇದಕ್ಕಿಂತ ಬಹಳ ಕಡಿಮೆ. 2018ರ ಜನವರಿ 8ರಂದು ಹಲವು ಎಕ್ಸ್‌ಚೇಂಜ್‌ಗಳ ಸರಾಸರಿ ಬೆಲೆ ತೋರಿಸುವ ಜಾಲತಾಣ ಕಾಯಿನ್‌ಮಾರ್ಕೆಟ್‌ಕ್ಯಾಪ್ ತನ್ನ ಸರಾಸರಿಯಿಂದ ಕೊರಿಯಾದ ಎಕ್ಸ್‌ಚೇಂಜ್‌ಗಳನ್ನು ಕೈಬಿಟ್ಟಾಗ, ಯಾರೂ ಏನನ್ನೂ ಮಾರದೆಯೇ ಪರದೆಯ ಮೇಲಿನ ಬೆಲೆ ಇಳಿಯಿತು. ಅದನ್ನು ಕಂಡು ಗಾಬರಿಯಾಗಿ ಮಾರಿದವರೂ ಇದ್ದಿರಬೇಕೆಂದು ಊಹಿಸಲು ಹೆಚ್ಚು ಧೈರ್ಯ ಬೇಕಿಲ್ಲ.

ಆರ್ಬಿಟ್ರೇಜ್‌ನ ಹಂಗಿಲ್ಲದೆ, ಸೂಚ್ಯಂಕದ (ಕೆಲವು ಎಕ್ಸ್‌ಚೇಂಜ್‌ಗಳ ಬೆಲೆಗಳನ್ನು ಸೇರಿಸಿ ಲೆಕ್ಕ ಹಾಕಿದ ಬೆಲೆಯ) ಮೂಲಕ ನೇರವಾಗಿ ಹರಡುವ ಪ್ರಭಾವ ಇನ್ನೊಂದು ಬಗೆಯದು. ಬಿಟ್‌ಮೆಕ್ಸ್‌ನಂತಹ ಡೆರಿವೇಟಿವ್ಸ್ ಎಕ್ಸ್‌ಚೇಂಜ್ (ಬೆಲೆಯ ಏರಿಳಿತದ ಮೇಲಿನ ಒಪ್ಪಂದಗಳ ಮಾರುಕಟ್ಟೆ) ಸಾಲದ ಮೇಲಿನ ಪೊಸಿಷನ್‌ಗಳನ್ನು (ವ್ಯಾಪಾರಿಗಳು ಹೊಂದಿದ ಒಪ್ಪಂದಗಳನ್ನು) ಅಳೆಯಲು, ನಾಣ್ಯವನ್ನೇ ಕೊಂಡು ಮಾರುವ ಕೆಲವೇ ಸ್ಪಾಟ್ ಎಕ್ಸ್‌ಚೇಂಜ್‌ಗಳ ಬೆಲೆಯನ್ನು ಆಧರಿಸುತ್ತಿತ್ತು, ಬಿಟ್‌ಸ್ಟ್ಯಾಂಪ್ ಅವುಗಳಲ್ಲೊಂದು. 2019ರ ಮೇ 17ರಂದು ಬಿಟ್‌ಸ್ಟ್ಯಾಂಪ್‌ನಲ್ಲಿ ಬಿದ್ದ ಭಾರಿ ಮಾರಾಟದ ಆರ್ಡರ್ ಅಲ್ಲಿನ ತೆಳುವಾದ ಆರ್ಡರ್ ಬುಕ್ ಅನ್ನು ಬಹುದೂರ ಕೆಳಗೆ ತಿಂದುಹಾಕಿತು, ಸೂಚ್ಯಂಕ ಇಳಿಯಿತು, ಬಿಟ್‌ಮೆಕ್ಸ್‌ನಲ್ಲಿ 20 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತದ ಪೊಸಿಷನ್‌ಗಳು ತಾವಾಗಿಯೇ ಲಿಕ್ವಿಡೇಟ್ ಆದವು (ಬಲವಂತವಾಗಿ ಮುಚ್ಚಲ್ಪಟ್ಟವು). ಸಣ್ಣ ಮಾರುಕಟ್ಟೆಯೊಂದು ತನಗಿಂತ ದೊಡ್ಡದನ್ನು ಅಲುಗಾಡಿಸಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಬೆಲೆಯಂತೆ ವಹಿವಾಟೂ ಸ್ಥಳಾಂತರಗೊಳ್ಳುತ್ತದೆ. ಭಾರತದಲ್ಲಿ 2022ರ ಜುಲೈ 1ರಿಂದ ಶೇ. 1ರ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಜಾರಿಯಾದಾಗ ದೇಶೀಯ ಎಕ್ಸ್‌ಚೇಂಜ್‌ಗಳ ವಹಿವಾಟು ತೀವ್ರವಾಗಿ ಕುಸಿದು, ಅದರಲ್ಲಿ ದೊಡ್ಡ ಪಾಲು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ಹರಿಯಿತು. ಪದೇ ಪದೇ ಕೊಂಡು ಮಾರುವ ಆರ್ಬಿಟ್ರೇಜ್ ವ್ಯಾಪಾರಿಯ ಲಾಭಾಂಶ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಇರುವುದರಿಂದ, ಎಕ್ಸ್‌ಚೇಂಜ್‌ಗಳ ಬೆಲೆಗಳನ್ನು ಬೆಸೆಯುವವನೇ ಈ ಕಡಿತದ ಹೊರೆಯನ್ನು ಮೊದಲು ಅನುಭವಿಸುತ್ತಾನೆ.